ಗ್ರಾಂಟ್ ಬಂದ ವರ್ಷ

ಮೈಸೂರಿನ ಆ ನರ್ಸ್ ನಮ್ಮ ದವಾಖಾನೆಗೆ ಬಂದ ಮೊದಲ ದಿನವೇ ಆಕೆಯ ಕೈಬರಹ ನೋಡಿ ನನ್ನ ಹೊಟ್ಟೆ ಉರಿದಿತ್ತು. ಹಾಜರಿ ಪುಸ್ತಕದಲ್ಲಿ ಹೆಸರು ಬರೆದು, ಪಕ್ಕದಲ್ಲಿ ಬಿ.ಎಸ್ಸಿ. ನರ್ಸಿಂಗ್ ಎಂದು ಇಂಗ್ಲಿಷಿನಲ್ಲಿ ಸೇರಿಸಿದಳು. ಅಕ್ಷರಗಳು ಅಚ್ಚು ಹಾಕಿದಂತೆ ಒಂದೇ ಸಮ ನಿಂತಿದ್ದವು. ಅದರ ಮೇಲಿನ ಸಾಲಿನಲ್ಲಿ ನನ್ನ ಸಹಿ, ಕನ್ನಡದ್ದು, ಹದಿನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಗೀಚುತ್ತ ಬಂದದ್ದು. ಅದು ಅಷ್ಟು ಸೊಟ್ಟಗಿದೆ ಎಂದು ಅಲ್ಲಿಯವರೆಗೆ ನನಗೆ ತಿಳಿದೇ ಇರಲಿಲ್ಲ.

ಅದು ಹೈದರಾಬಾದಿನ ಸನತ್‌ನಗರದ ಕಾರ್ಖಾನೆಗಳ ನಡುವೆ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ದವಾಖಾನೆ. ಮೂರು ಕೋಣೆ, ಒಂದು ಪಡಸಾಲೆ, ಹಿಂದೆ ತಗಡಿನ ಶೆಡ್ಡು. ವಯಸ್ಸಾದ ಒಬ್ಬ ಡಾಕ್ಟರು, ನಾನು, ಕಸ ಗುಡಿಸುವ ಆಯಾ, ಇಷ್ಟೇ ಜನ. ನಾನು ಬೀದರಿನಲ್ಲಿ ಎ.ಎನ್.ಎಂ. ನರ್ಸಿಂಗ್ ಕಲಿತು, ಮದುವೆಯಾದ ಮೇಲೆ ಗಂಡನ ಲೇತ್ ಕೆಲಸದ ಬೆನ್ನು ಹಿಡಿದು ಹೈದರಾಬಾದಿಗೆ ಬಂದವಳು. ಬೆರಳು ಕತ್ತರಿಸಿಕೊಂಡವರು, ಕಣ್ಣಿಗೆ ಕಬ್ಬಿಣದ ಚೂರು ಸಿಡಿಸಿಕೊಂಡವರು, ಬಾಯ್ಲರಿನ ಹಬೆಗೆ ಮೈ ಸುಟ್ಟುಕೊಂಡವರು, ಎಲ್ಲರೂ ಮೊದಲು ನಮ್ಮ ಪಡಸಾಲೆಗೇ ಬರುತ್ತಿದ್ದರು. ಬರುವಷ್ಟರಲ್ಲಿ ಏನೇನೋ ಮಾಡಿಕೊಂಡಿರುತ್ತಿದ್ದರು. ಗಾಯಕ್ಕೆ ಗ್ರೀಸ್, ಸುಟ್ಟದ್ದಕ್ಕೆ ಟೂತ್‌ಪೇಸ್ಟ್, ಮುರಿದ ಕೈಗೆ ಬಿಗಿಯಾಗಿ ಸುತ್ತಿದ ವೈರು.

ಅದನ್ನು ನೋಡಿ ನೋಡಿ ಸಾಕಾಗಿ, ಶುಕ್ರವಾರ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಒಂದು ಪಾಠ ಶುರು ಮಾಡಿದ್ದೆ. ಯಾರೂ ಹೇಳಿರಲಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಕೂಲಿಯವರು ಹತ್ತು ಹನ್ನೆರಡು ಮಂದಿ ಬಂದು ಕೂರುತ್ತಿದ್ದರು. ರಕ್ತ ನಿಲ್ಲಿಸುವುದು ಹೇಗೆ, ಮುರಿದ ಕೈಯನ್ನು ಅಲುಗಾಡದಂತೆ ಕಟ್ಟುವುದು ಹೇಗೆ ಎಂದು ತೋರಿಸುತ್ತಿದ್ದೆ. ಹಳೆಯ ಸೀರೆ ಹರಿದು, ಮುರಿದ ಕೈಯನ್ನು ಕೊರಳಿಗೆ ತೂಗಿಸಲು ಮೂರು ಮೂಲೆಯ ಜೋಳಿಗೆ ಪಟ್ಟಿ ಮಾಡುತ್ತಿದ್ದೆ. ಮಾವಿನ ಪೆಟ್ಟಿಗೆಯ ಹಲಗೆಗೆ ಹತ್ತಿ ಸುತ್ತಿದರೆ ಕೈಗೆ ಆಸರೆ. ತಿಂಗಳಿಗೊಮ್ಮೆ ಬಸ್ಸು ಹಿಡಿದು ಕೋಠಿಗೆ ಹೋಗಿ, ಔಷಧದ ಸಗಟು ಅಂಗಡಿಗಳ ಸಾಲಿನಲ್ಲಿ ಅಲೆದು, ಪೊಟ್ಟಣ ಹರಿದಿದ್ದಕ್ಕೆ ಬದಿಗಿಟ್ಟ ಹತ್ತಿ, ಬ್ಯಾಂಡೇಜು ಕೇಳಿ ತರುತ್ತಿದ್ದೆ. ಅಂಗಡಿಯವರು ನನ್ನನ್ನು ಕಂಡರೆ ‘ಸಿಸ್ಟರಮ್ಮ ವಚ್ಚಿಂದಿ’, ಸಿಸ್ಟರಮ್ಮ ಬಂದಳು, ಎಂದು ತೆಲುಗಿನಲ್ಲಿ ಒಳಗಿದ್ದವರಿಗೆ ಕೂಗಿ ಹೇಳುತ್ತಿದ್ದರು. ಅದರಲ್ಲಿ ನನಗೊಂದು ಗತ್ತಿತ್ತು. ಆ ಸನತ್‌ನಗರದಲ್ಲಿ ಗಾಯ ಎಂದರೆ ನಾನು, ಪಟ್ಟಿ ಎಂದರೆ ನಾನು ಎಂದುಕೊಂಡಿದ್ದೆ.

ಆಗ ಗಚ್ಚಿಬೌಲಿ ಕಡೆ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಬೆಂಗಳೂರು, ಮೈಸೂರು, ಮಂಗಳೂರಿನ ಹುಡುಗರು ಕಂಪ್ಯೂಟರ್ ಕೆಲಸಕ್ಕೆ ಬಂದು, ಗೇಟಿನ ಮುಂದೆ ಕಾವಲುಗಾರರಿರುವ ಅಪಾರ್ಟ್‌ಮೆಂಟುಗಳಲ್ಲಿ ಇಳಿದುಕೊಳ್ಳುತ್ತಿದ್ದರು. ಹಾಗೆ ಬಂದ ಒಬ್ಬ ಎಂಜಿನಿಯರನ ಹೆಂಡತಿ ಈ ನರ್ಸು. ಮೈಸೂರಿನ ದೊಡ್ಡ ಆಸ್ಪತ್ರೆಯ ಅಪಘಾತ ವಿಭಾಗದಲ್ಲಿ ಐದು ವರ್ಷ ದುಡಿದಿದ್ದಳು. ಮನೆಯಲ್ಲಿ ಕೂತು ಬೇಸರ ಬಂತೆಂದು ಕೆಲಸ ಹುಡುಕಿಕೊಂಡು ಬಂದಿದ್ದಳು. ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಹತ್ತಿಯ ಸೀರೆ, ಕತ್ತಿನಲ್ಲಿ ಸ್ವಂತದ ಸ್ಟೆತಾಸ್ಕೋಪು. ಗಂಡನ ಸಣ್ಣ ಕಾರನ್ನು ತಾನೇ ಓಡಿಸಿಕೊಂಡು ಬರುತ್ತಿದ್ದಳು.

ಆಕೆಯ ಕನ್ನಡ ಕೇಳಿ ನಮ್ಮ ಜನ ಮೊದಮೊದಲು ನಗುತ್ತಿದ್ದರು. “ದಯವಿಟ್ಟು ಕೂತ್ಕೊಳಿ, ನೋವು ಎಲ್ಲಿದೆ ಹೇಳಿ” ಎಂದರೆ, ತಮ್ಮನ್ನಲ್ಲ ಬೇರೆ ಯಾರನ್ನೋ ಮಾತಾಡಿಸುತ್ತಿದ್ದಾಳೆ ಎಂಬಂತೆ ಹಿಂದೆ ತಿರುಗಿ ನೋಡುತ್ತಿದ್ದರು. ಅದು ನನಗೆ ಖುಷಿ. ಆದರೆ ಒಂದು ತಿಂಗಳೊಳಗೆ ಅದೇ ಜನ ಆಕೆಯ ಕೋಣೆಯ ಮುಂದೆ ಸಾಲು ನಿಲ್ಲತೊಡಗಿದರು. “ಆಕಿ ಸೂಜಿ ಚುಚ್ಚಿದ್ರ ಗೊತ್ತ ಆಗಂಗಿಲ್ರಿ” ಎಂದು ಒಬ್ಬ ನನಗೇ ಬಂದು ಹೇಳಿದ. ಹದಿನಾಲ್ಕು ವರ್ಷ ಅವನ ಮನೆಮಂದಿಗೆಲ್ಲ ಚುಚ್ಚಿದವಳು ನಾನು. ಗೊತ್ತಾಗುತ್ತಿತ್ತೋ ಇಲ್ಲವೋ, ಯಾರೂ ಹೇಳಿರಲಿಲ್ಲ.

ಒಂದು ಶುಕ್ರವಾರ ಆಕೆ ನನ್ನ ಪಾಠ ನೋಡಲು ಶೆಡ್ಡಿಗೆ ಬಂದು, ಹಿಂದೆ ಕೂತು, ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದಳು. ನಾನು ಉಬ್ಬಿಹೋದೆ. ಅವತ್ತು ಬಿದ್ದವರನ್ನು ಎತ್ತಿ ಸಾಗಿಸುವ ಪಾಠ. ಒಬ್ಬರು ತಲೆಯ ಕಡೆ ನಿಂತು ಕಂಕುಳಿಗೆ ಕೈ ಹಾಕಬೇಕು, ಇನ್ನೊಬ್ಬರು ಮೊಣಕಾಲು ಹಿಡಿಯಬೇಕು, ಒಂದೇ ಸಲಕ್ಕೆ ಎತ್ತಬೇಕು. ನಾನು ತೋರಿಸಿದೆ, ಎಲ್ಲರೂ ಜೋಡಿ ಜೋಡಿಯಾಗಿ ಒಬ್ಬರನ್ನೊಬ್ಬರು ಎತ್ತಿ ನಕ್ಕರು. ಎಲ್ಲರಿಗಿಂತ ಚೆನ್ನಾಗಿ ಎತ್ತಿದವಳು ರಾಯಚೂರು ಕಡೆಯ ಒಬ್ಬ ಹೆಂಗಸು. ಹತ್ತಿರದ ಡಬ್ಬಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಆದರೆ ಕೈಯಲ್ಲಿ ಮಾಡಿ ತೋರಿಸಿದ್ದನ್ನು ಒಂದೇ ಸಲಕ್ಕೆ ಹಿಡಿಯುವವಳು. ಅವಳು ನನ್ನ ನೆಚ್ಚಿನ ಶಿಷ್ಯೆ. ಮೂರು ವರ್ಷದಿಂದ ಒಂದು ಶುಕ್ರವಾರವೂ ತಪ್ಪಿಸಿರಲಿಲ್ಲ.

ಪಾಠ ಮುಗಿದ ಮೇಲೆ ಮೈಸೂರಿನವಳು ನನ್ನನ್ನು ಪಕ್ಕಕ್ಕೆ ಕರೆದಳು.

“ಅಕ್ಕ, ತುಂಬಾ ಚೆನ್ನಾಗಿ ಹೇಳಿಕೊಡ್ತೀರ. ಒಂದು ವಿಷಯ ಹೇಳ್ಲಾ? ಎತ್ತರದಿಂದ ಬಿದ್ದವರನ್ನ ಈಗ ಹಾಗೆ ಎತ್ತಲ್ಲ. ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾಗಿರುತ್ತೆ. ಮಡಿಸಿ ಎತ್ತಿದ್ರೆ ಕೈಕಾಲೇ ಹೋಗಿಬಿಡಬಹುದು.”

ಆಕೆ ದನಿ ತಗ್ಗಿಸಿಯೇ ಹೇಳಿದ್ದಳು, ಯಾರಿಗೂ ಕೇಳಿಸಿರಲಿಲ್ಲ. ಆದರೂ ನನಗೆ ನಡುಬೀದಿಯಲ್ಲಿ ಬೈಸಿಕೊಂಡಂತಾಯಿತು.

“ನಮ್ಮ ಕಡೆ ಎಲ್ಲಾರೂ ಹಿಂಗ ಎತ್ತೋದ್ರಿ. ಇಷ್ಟ್ ವರ್ಷ ಯಾರಿಗೂ ಏನೂ ಆಗಿಲ್ಲ” ಎಂದು ಪಟ್ಟಿಗಳನ್ನು ಸುತ್ತಿಕೊಂಡು ಒಳಗೆ ಹೋದೆ. ಮುಂದಿನ ವಾರ ಅದನ್ನು ತಿದ್ದಿ ಹೇಳಬೇಕಿತ್ತು. ಹೇಳಲಿಲ್ಲ.

ಅನುದಾನದ ಮಾತು ಎತ್ತಿದವಳೂ ಆಕೆಯೇ. ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಕಂಪನಿಯವರು ಸಮಾಜಸೇವೆಗೆಂದು ಫೌಂಡೇಶನ್ ಕಟ್ಟಿದ್ದರು. ಬಡಾವಣೆಯ ಜನರನ್ನೇ ಪ್ಯಾರಾಮೆಡಿಕ್ ಆಗಿ ತಯಾರು ಮಾಡಲು, ಅದಕ್ಕೆ ಬೇಕಾದ ಸಾಮಾನು ಕೊಳ್ಳಲು ಗ್ರಾಂಟ್ ಕೊಡುತ್ತಾರಂತೆ. ಆಕೆಯ ಗಂಡ ಆಫೀಸಿನಲ್ಲಿ ಯಾರ ಬಾಯಿಂದಲೋ ಕೇಳಿ ಬಂದಿದ್ದ. ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಆಕೆ ನಾಲ್ಕು ದಿನ ನನ್ನ ಪಕ್ಕ ಕೂತು ಎಲ್ಲ ಕೇಳಿ ಬರೆದುಕೊಂಡಳು. ಯಾವ ಕಾರ್ಖಾನೆಯಲ್ಲಿ ಎಂಥ ಪೆಟ್ಟಾಗುತ್ತದೆ, ಯಾರ ಬಳಿ ಗಾಡಿ ಇದೆ, ದೊಡ್ಡ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕು. ನಾನು ಹೇಳುತ್ತ ಹೋದೆ. ಹೇಳುವಾಗ, ಇದು ನನ್ನದೇ ಕೆಲಸ, ಕಾಗದ ಮಾತ್ರ ಇವಳದು ಎಂದುಕೊಂಡಿದ್ದೆ.

ಅರ್ಜಿ ಕಳಿಸುವ ಹಿಂದಿನ ದಿನ ಡಾಕ್ಟರು ನನ್ನನ್ನು ಕರೆದರು. ಅವರು ಕಲಬುರಗಿಯವರು, ನನಗೆ ಎಂದೂ ಏರುದನಿಯಲ್ಲಿ ಮಾತಾಡಿದವರಲ್ಲ.

“ಸಿಸ್ಟರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಫಾರ್ಮಿನ್ಯಾಗ ಮುಖ್ಯ ಟ್ರೈನರ್‌ಗ ಡಿಗ್ರಿ ಕೇಳ್ಯಾರ. ನಿಮ್ಮ ಹೆಸರು ಹಾಕಿದ್ರ ಅರ್ಜಿ ವಾಪಸ್ ಬರ್ತದ. ಆಕಿ ಹೆಸರು ಹಾಕೀವಿ. ನಿಮ್ಮನ್ನ ಸಹಾಯಕರು ಅಂತ ಬರ್ದೀವಿ.”

ಮೈಸೂರಿನವಳು ಅಲ್ಲೇ ನಿಂತಿದ್ದಳು. “ಅಕ್ಕ, ನನಗೂ ಇಷ್ಟ ಇಲ್ಲ, ಆದರೆ ನಿಯಮ ಹಾಗಿದೆ” ಎಂದಳು.

“ಆತ್ ಬಿಡ್ರಿ, ಹೆಸರ್ ಯಾರ್ದಿದ್ರೇನು” ಎಂದೆ. ನಕ್ಕೂ ನಕ್ಕೆ. ಮನೆಗೆ ಹೋಗಿ ಅಕ್ಕಿ ತೊಳೆಯುತ್ತ ತೊಳೆಯುತ್ತ ನೀರಿನ ಜೊತೆ ಅರ್ಧ ಅಕ್ಕಿ ಚೆಲ್ಲಿದ್ದೆ. ಗಂಡ ಏನಾಯಿತೆಂದು ಕೇಳಿದರೆ ಏನೂ ಇಲ್ಲವೆಂದೆ.

ಗ್ರಾಂಟ್ ಬಂತು. ಒಂದು ಮಧ್ಯಾಹ್ನ ವ್ಯಾನಿನಲ್ಲಿ ರಟ್ಟಿನ ಪೆಟ್ಟಿಗೆಗಳು ಬಂದಿಳಿದವು. ಬಿ.ಪಿ. ಯಂತ್ರ, ಕೈಗವಸು, ರಾಶಿ ರಾಶಿ ಬ್ಯಾಂಡೇಜು, ಕುತ್ತಿಗೆಗೆ ಕಟ್ಟುವ ಗಟ್ಟಿ ಪಟ್ಟಿ, ಬೆನ್ನುಮೂಳೆ ಅಲುಗದಂತೆ ಮಲಗಿಸಿ ಹೊರುವ ಉದ್ದನೆಯ ಹಲಗೆ, ಎದೆ ಒತ್ತುವುದನ್ನು ಕಲಿಯಲು ಸೊಂಟದವರೆಗಿನ ಒಂದು ಪ್ಲಾಸ್ಟಿಕ್ ಬೊಂಬೆ. ಸರಿಯಾಗಿ ಒತ್ತಿದರೆ ಬೊಂಬೆ ಟಿಕ್ ಎನ್ನುತ್ತಿತ್ತು. ನಾನು ಒತ್ತಿದೆ. ಅದು ಸುಮ್ಮನಿತ್ತು. ಆಕೆ ನನ್ನ ಮೊಣಕೈ ಹಿಡಿದು ನೇರ ಮಾಡಿ, “ಈಗ ಒತ್ತಿ ಅಕ್ಕ” ಎಂದಳು. ಟಿಕ್ ಎಂದಿತು. ಆ ಬೊಂಬೆಯ ಮೇಲೂ ನನಗೆ ಸಿಟ್ಟು ಬಂತು.

ಫೌಂಡೇಶನ್ನಿನವರು ಗಚ್ಚಿಬೌಲಿಗೆ ಕರೆದು ಎಲ್ಲರ ಜೊತೆ ಫೋಟೋ ತೆಗೆಸಿದರು. ನೆಂಟರ ಮದುವೆಗಳಿಗೆ ಉಡಲೆಂದು ತೆಗೆದಿಟ್ಟಿದ್ದ ಇಳಕಲ್ ಸೀರೆ ಉಟ್ಟು ಹೋಗಿದ್ದೆ. ಆಮೇಲೆ ಕಂಪನಿಯ ಪತ್ರಿಕೆಯಲ್ಲಿ ಆ ಫೋಟೋ ಅಚ್ಚಾಗಿ ಬಂತು. ನಡುವೆ ಆಕೆ, ಪಕ್ಕದಲ್ಲಿ ಡಾಕ್ಟರು. ನನ್ನದು ಒಂದು ತೋಳು ಮತ್ತು ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಡಾಕ್ಟರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದರು. ದಿನಾ ಹೋಗುವಾಗ ಬರುವಾಗ ನನ್ನ ತೋಳನ್ನು ನಾನು ನೋಡುತ್ತಿದ್ದೆ.

ತರಬೇತಿ ವಾರಕ್ಕೆ ಮೂರು ದಿನ ಆಯಿತು. ಇಪ್ಪತ್ತು ಮಂದಿ ಆರಿಸಿಕೊಂಡೆವು. ಶೆಡ್ಡಿಗೆ ಫ್ಯಾನು ಬಂತು, ಕಪ್ಪುಹಲಗೆ ಬಂತು. ಮೈಸೂರಿನವಳು ಪಾಠ ಹೇಳುತ್ತಿದ್ದಳು, ಸಾಮಾನಿನ ಕೋಣೆಯ ಬೀಗದ ಕೈ ಇಟ್ಟುಕೊಂಡು ನಾನು ಸಾಮಾನು ತೆಗೆದು ಕೊಡುತ್ತಿದ್ದೆ. ರಾಯಚೂರಿನವಳು ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಮೊದಲೆಲ್ಲ ಪಾಠ ಮುಗಿದ ಮೇಲೆ ನನ್ನ ಬಳಿ ಬಂದು, ಮಗಳ ಶಾಲೆಯ ಸುದ್ದಿ, ಸೂಪರ್‌ವೈಸರನ ಕಾಟದ ಸುದ್ದಿ ಹೇಳಿ, ನನ್ನ ಕೈಯ ಚಹಾ ಕುಡಿದು ಹೋಗುತ್ತಿದ್ದವಳು ಈಗ ಪಾಠ ಮುಗಿದರೆ ಮೈಸೂರಿನವಳ ಹಿಂದೆ. “ಮೇಡಮ್ಮ, ಇದರ ಹೆಸರು ಇನ್ನೊಮ್ಮೆ ಹೇಳ್ರಿ. ಮೇಡಮ್ಮ, ನಾಡಿ ಇಲ್ಲೇ ನೋಡ್ಬೇಕೇನ್ರಿ?” ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದಳು, ಮುಖದ ಮೇಲಿನ ನಗೆಯೂ ಅದೇ. ಆದರೆ ಪ್ರಶ್ನೆಗಳೆಲ್ಲ ಅಲ್ಲಿ. ಒಂದು ದಿನ ಚಹಾ ಕುಡಿಯದೆ ಹೊರಟಾಗ, “ಈಗ ನಮ್ಮ ಚಾ ರುಚಿ ಹತ್ತಂಗಿಲ್ಲೇನು?” ಎಂದು ಕೇಳಿಯೇಬಿಟ್ಟೆ. ಅವಳಿಗೆ ಅರ್ಥವಾಗಲಿಲ್ಲ. “ಯಾಕ್ರಿ ಅಕ್ಕಾರ, ಓದಾಕತ್ತೀನ್ರಿ, ಪರೀಕ್ಷಾ ಐತಲ್ರಿ” ಎಂದು ಓಡಿದಳು.

ನಾಲ್ಕನೆಯ ತಿಂಗಳಲ್ಲಿ ಫೌಂಡೇಶನ್ನಿನಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದ. ತೆಳ್ಳಗಿನ ತೆಲುಗು ಯುವಕ, ಕೊರಳಲ್ಲಿ ಗುರುತಿನ ಚೀಟಿ. ಅಂದು ಮೈಸೂರಿನವಳು ಒಳಗೆ ಡಾಕ್ಟರ ಜೊತೆ ಕಾಗದ ಜೋಡಿಸುತ್ತಿದ್ದಳು. ಅವನು ಶೆಡ್ಡಿಗೆ ಬಂದು ನನ್ನ ಪಕ್ಕ ಸ್ಟೂಲಿನ ಮೇಲೆ ಕೂತು, ತರಬೇತಿ ಹೇಗೆ ನಡೆದಿದೆ ಅಮ್ಮಾ ಎಂದು ತೆಲುಗಿನಲ್ಲಿ ಕೇಳಿದ. ಆ ನಾಲ್ಕು ತಿಂಗಳಲ್ಲಿ ನನ್ನನ್ನು ಏನಾದರೂ ಕೇಳಿದ ಮೊದಲನೆಯವನು ಅವನು.

ಏನು ಹೇಳಬೇಕೆಂದು ಮೊದಲೇ ಯೋಚಿಸಿ ಇಟ್ಟುಕೊಂಡಿರಲಿಲ್ಲ. ಬಾಯಿ ತಾನಾಗಿ ಹೇಳುತ್ತ ಹೋಯಿತು. ಆ ಮೇಡಂ ಕಾರಿನಲ್ಲಿ ಬರುತ್ತಾರೆ, ಕಾರಿನಲ್ಲಿ ಹೋಗುತ್ತಾರೆ, ಒಂದು ಕಾರ್ಖಾನೆಯ ಒಳಗೂ ಕಾಲಿಟ್ಟಿಲ್ಲ ಎಂದೆ. ಅದು ನಿಜವೇ. ಆಮೇಲೆ, ಪಾಠ ಆಗಾಗ ತಪ್ಪುತ್ತದೆ ಎಂದೆ. ಆಕೆಗೆ ಜ್ವರ ಬಂದು ಒಂದೇ ಒಂದು ದಿನ ತಪ್ಪಿತ್ತು. ಆಮೇಲೆ, ಹಾಜರಿಯಲ್ಲಿರುವ ಹೆಸರುಗಳಲ್ಲಿ ಅರ್ಧ ಜನ ಬರುವುದೇ ಇಲ್ಲ ಎಂದೆ. ಅದು ಶುದ್ಧ ಸುಳ್ಳು. ಅವನು ತಲೆಯಾಡಿಸಿ ಬರೆದುಕೊಂಡ. ಚಹಾ ಕೊಟ್ಟಿದ್ದಕ್ಕೆ ನನಗೆ ಥ್ಯಾಂಕ್ಸ್ ಹೇಳಿ ಹೋದ. ಮನಸ್ಸು ಹಗುರವಾದಂತಿತ್ತು. ಆ ದಿನ ಎಲ್ಲರ ಜೊತೆಯೂ ನಗುನಗುತ್ತ ಮಾತಾಡಿದೆ.

ವಾರದೊಳಗೆ ಕಾಗದ ಬಂತು. ಹಾಜರಿಯ ಬಗ್ಗೆ ದೂರು ಬಂದಿದೆ, ವಿಚಾರಣೆ ಮುಗಿಯುವ ತನಕ ತರಬೇತಿ ನಿಲ್ಲಿಸಿ, ಸಾಮಾನುಗಳನ್ನು ಬೀಗ ಹಾಕಿಡಿ. ಮೈಸೂರಿನವಳ ಮುಖ ಬಿಳಿಚಿಕೊಂಡಿತು. “ಯಾರಕ್ಕ ಹೀಗೆ ಹೇಳಿರಬಹುದು? ನಾವು ಯಾರಿಗೆ ಏನು ಮಾಡಿದ್ವಿ?” ಎಂದು ನನ್ನನ್ನೇ ಕೇಳಿದಳು.

“ಯಾರಿಗ್ ಗೊತ್ರಿ. ಊರ ಮಂದಿ ಬಾಯಿ” ಎಂದೆ.

ಆಕೆ ಸುಮ್ಮನೆ ಕೂರುವವಳಲ್ಲ. ಹಾಜರಿಯ ಹಾಳೆ ಹಿಡಿದು ಇಪ್ಪತ್ತು ಮಂದಿಯ ಮನೆ ಮನೆಗೆ, ಕಾರ್ಖಾನೆಯಿಂದ ಕಾರ್ಖಾನೆಗೆ ಹೊರಟಳು. ಒಬ್ಬೊಬ್ಬರ ಹತ್ತಿರವೂ ಸಹಿ, ಬರೆಯಲು ಬಾರದವರಿಂದ ಹೆಬ್ಬೆಟ್ಟು. ಕಾರು ಹೋಗದ ಗಲ್ಲಿಗಳಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಬಣ್ಣದ ನೀರು ಹರಿಯುವ ಮೋರಿ ದಾಟಿ, ಮಧ್ಯಾಹ್ನದ ಬಿಸಿಲಿಗೆ ಕೆಂಪಾಗಿ ವಾಪಸಾಗುತ್ತಿದ್ದಳು. ನಾನು ಪಡಸಾಲೆಯಲ್ಲಿ ಕೂತು ನೋಡುತ್ತಿದ್ದೆ. ಹದಿನೈದು ದಿನ ಹೀಗೆ. ಒಂದೊಂದು ಸಲ ಹೇಳಿಬಿಡೋಣ ಅನ್ನಿಸುತ್ತಿತ್ತು. ಆದರೆ ಆಕೆಯ ಹಣೆಯ ಬೆವರು ನೋಡಿದರೆ, ಈಗ ಗೊತ್ತಾಗಲಿ ನಾನು ಇಷ್ಟು ವರ್ಷ ಎಲ್ಲೆಲ್ಲಿ ತಿರುಗಿದ್ದೆ ಎಂದು, ಅಂತಲೂ ಅನ್ನಿಸುತ್ತಿತ್ತು.

ಆ ಹದಿನೈದು ದಿನ ಮುಗಿಯುವುದರಲ್ಲಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತು. ಸಾಮಾನಿನ ಆಟೋ ಒಂದು ಹಾರ್ನ್ ಬಾರಿಸುತ್ತ ದವಾಖಾನೆಯ ಬಾಗಿಲಿಗೇ ಬಂದು ನಿಂತಿತು. ಹಿಂದೆ ಡಬ್ಬಿ ಕಾರ್ಖಾನೆಯ ಒಬ್ಬ ಕೆಲಸಗಾರ ಕಬ್ಬಿಣದ ತಗಡುಗಳ ನಡುವೆ ಮುದುಡಿಕೊಂಡು ಬಿದ್ದಿದ್ದ. ಮಳೆಗಾಲಕ್ಕೆ ಮುಂಚೆ ಚಾವಣಿ ರಿಪೇರಿ ಮಾಡಲು ಹತ್ತಿದ್ದನಂತೆ. ಸಿಮೆಂಟ್ ಶೀಟು ಕಾಲ ಕೆಳಗೆ ಮುರಿದು ಒಳಗಿನ ನೆಲಕ್ಕೆ ಬಿದ್ದಿದ್ದ. ಅವನ ತಲೆಯ ಬಳಿ ರಾಯಚೂರಿನವಳು ಕೂತಿದ್ದಳು. ಹಣೆಯ ಗಾಯಕ್ಕೆ ತನ್ನ ಸೆರಗು ಒತ್ತಿ ಹಿಡಿದಿದ್ದಳು, ರಕ್ತ ನಿಂತಿತ್ತು.

ಡಾಕ್ಟರು ಓಡಿ ಬಂದು ಆಟೋ ಹತ್ತಿದರು. ಅವನ ಅಂಗಾಲಿಗೆ ಉಗುರು ಒತ್ತಿದರು.

“ಗೊತ್ತಾಗ್ತದೇನಪಾ?”

ಅವನು ಅಳುತ್ತಿದ್ದ. “ಕಾಲು ಜೋಮ್ ಹಿಡದಂಗ ಆಗ್ಯಾವ್ರಿ” ಎಂದು ಕೊನೆಗೆ ಅಂದ.

ಡಾಕ್ಟರು ತಲೆ ಎತ್ತಿ, “ಯಾರು ಎತ್ತಿದ್ರು ಇವನ್ನ? ಹೆಂಗ ಎತ್ತಿದ್ರಿ?” ಎಂದು ಕೇಳಿದರು.

ರಾಯಚೂರಿನವಳು ನನ್ನ ಕಡೆ ನೋಡಿದಳು. “ಅಕ್ಕಾರ ಕಲಿಸಿದಂಗ ಎತ್ತಿದ್ವಿರಿ. ಕಂಕಳಾಗ ಕೈ ಹಾಕಿ, ಮಣಕಾಲ ಹಿಡಿದು.” ಆಮೇಲೆ ಮೈಸೂರಿನವಳ ಕಡೆ ತಿರುಗಿ, “ಮೇಡಮ್ಮ, ಮ್ಯಾಲಿಂದ ಬಿದ್ದೋರ್ನ ಹೆಂಗ ಎತ್ತಬೇಕಂತ ಮುಂದಿನ ವಾರ ಹೇಳ್ತೀನಿ ಅಂದಿದ್ರಿ. ಅಷ್ಟರಾಗ ಕ್ಲಾಸ್ ನಿಂತ್ ಹೋತ್ರಿ” ಎಂದಳು.

ಯಾರನ್ನೂ ದೂರುವ ದನಿ ಅದರಲ್ಲಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದಳು, ಅಷ್ಟೆ. ಮೈಸೂರಿನವಳು ನನ್ನ ಕಡೆ ನೋಡಲೂ ಇಲ್ಲ. “ಅಕ್ಕ, ಬೀಗದ ಕೈ ಕೊಡಿ” ಎಂದಳು. ಕೊಟ್ಟೆ. ಬೀಗ ಹಾಕಿಡಬೇಕೆಂಬ ಕಾಗದ ಮೇಜಿನ ಮೇಲೇ ಇತ್ತು, ಆಕೆ ಅದರತ್ತ ಕಣ್ಣೂ ಹಾಯಿಸಲಿಲ್ಲ. ಕುತ್ತಿಗೆ ಪಟ್ಟಿ, ಉದ್ದನೆಯ ಹಲಗೆ ಹೊತ್ತು ತಂದಳು. ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತು, ಮರದ ದಿಮ್ಮಿಯನ್ನು ಹೊರಳಿಸಿದಂತೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸುವುದು ಹೇಗೆಂದು ರಾಯಚೂರಿನವಳಿಗೆ, ಆಟೋದವನಿಗೆ, ನನಗೆ ಅಲ್ಲಿಯೇ ಹೇಳಿದಳು. “ನಾನು ಮೂರು ಅಂದಾಗ. ಒಂದು, ಎರಡು, ಮೂರು.” ಹೊರಳಿಸಿದೆವು. ನನ್ನ ಕೈ ಅವನ ಸೊಂಟದ ಮೇಲಿತ್ತು. ಆಂಬುಲೆನ್ಸ್ ಬಂದು ಅವನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದಿತು. ಆಕೆಯೂ ಜೊತೆಗೆ ಹೋದಳು.

ಮಾರನೆಯ ದಿನ ಡಾಕ್ಟರಿಗೆ ಬರುವುದಿಲ್ಲವೆಂದು ಹೇಳಿ, ಅಮೀರ್‌ಪೇಟೆಯಲ್ಲಿ ಬಸ್ಸು ಬದಲಿಸಿ ಗಚ್ಚಿಬೌಲಿಗೆ ಹೋದೆ. ಗೇಟಿನಲ್ಲಿ ನನ್ನ ಚೀಲ ತಪಾಸಣೆ ಮಾಡಿ, ಸೀರೆಗೆ ಸಿಕ್ಕಿಸಿಕೊಳ್ಳಲು ಒಂದು ಚೀಟಿ ಕೊಟ್ಟರು. ತಣ್ಣಗಿನ ಹಾಲಿನಲ್ಲಿ ಎರಡು ಗಂಟೆ ಕೂತ ಮೇಲೆ ಆ ಅಧಿಕಾರಿ ಬಂದ. ನಾನು ಹೇಳಿದ್ದು ಸುಳ್ಳು ಎಂದೆ. ಅವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಬರವಣಿಗೆಯಲ್ಲಿ ಬೇಕು, ಬಾಯಿಮಾತು ಸಾಲದು ಎಂದ. ನನಗೆ ತೆಲುಗು ಮಾತು ಬರುತ್ತದೆ, ಬರೆಯಲು ಬಾರದು. ಕನ್ನಡದಲ್ಲಿ ಬರೆದುಕೊಟ್ಟೆ. ಎರಡು ಲಿಪಿಯೂ ಹತ್ತಿರದವಲ್ಲವೆ, ಅವನು ಅಕ್ಷರ ಕೂಡಿಸಿ ಕೂಡಿಸಿ ನಿಧಾನವಾಗಿ, ಆದರೆ ಗಟ್ಟಿಯಾಗಿಯೇ ಓದತೊಡಗಿದ, ತಿಳಿಯದ ಮಾತಿಗೆ ನಾನು ತೆಲುಗಿನಲ್ಲಿ ಅರ್ಥ ಹೇಳುತ್ತಿದ್ದೆ. ಅಕ್ಕಪಕ್ಕ ಕಾದು ಕೂತಿದ್ದವರೆಲ್ಲ ಕೇಳುತ್ತಿದ್ದರು. ಒಂದು ಕಡೆ ತಡೆದು, “ಹೊ-ಟ್ಟೆ-ಕಿ-ಚ್ಚು. ಅಂಟೇ ಏಮಿಟಮ್ಮಾ?” ಎಂದು ಅರ್ಥ ಕೇಳಿದ.

“ಕಡುಪು ಮಂಟ, ಸಾರ್” ಎಂದೆ. ತೆಲುಗಿನಲ್ಲೂ ಅದು ಹೊಟ್ಟೆಯ ಬೆಂಕಿಯೇ.

ಅವನು ನಗಲಿಲ್ಲ. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, “ಆ ಮೇಡಂಗೆ ಹೇಳಿದ್ದೀರಾ?” ಎಂದ. ಇಲ್ಲ ಎಂದೆ. “ಮೊದಲು ಅವರಿಗೆ ಹೇಳಬೇಕಿತ್ತು” ಎಂದ. ನನ್ನ ಮಗನ ವಯಸ್ಸಿಗಿಂತ ಸ್ವಲ್ಪವೇ ಹೆಚ್ಚಿರಬೇಕು ಅವನಿಗೆ.

ಅದೇ ಸಂಜೆ ದವಾಖಾನೆಗೆ ಹೋದೆ. ಮೈಸೂರಿನವಳು ಆಸ್ಪತ್ರೆಯಿಂದ ಆಗಷ್ಟೇ ಬಂದು ಕೈ ತೊಳೆಯುತ್ತಿದ್ದಳು. ಅವನ ಸೊಂಟದ ಮೂಳೆ ಮುರಿದಿದೆ, ಬೆನ್ನುಮೂಳೆಗೆ ಪೆಟ್ಟು ಬಿದ್ದಿದ್ದರೂ ಒಳಗಿನ ನರ ಉಳಿದಿದೆ, ಕಾಲಿಗೆ ಸ್ಪರ್ಶ ಬಂದಿದೆ ಎಂದಳು. ನಾನು ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅಧಿಕಾರಿಗೆ ಹೇಳಿದ ಸುಳ್ಳು, ಎತ್ತುವುದನ್ನು ತಿದ್ದಿ ಹೇಳದೆ ಬಿಟ್ಟದ್ದು, ಎರಡೂ.

ಆಕೆ ನಲ್ಲಿ ನಿಲ್ಲಿಸಿದಳು. ಟವೆಲಿನಲ್ಲಿ ಕೈ ಒರೆಸಿಕೊಂಡಳು.

“ಹದಿನೈದು ದಿನ ಬಿಸಿಲಲ್ಲಿ ಸುತ್ತಿದೆ. ನೀವು ಇಲ್ಲೇ ಕೂತು ನೋಡ್ತಾ ಇದ್ರಿ ಅಲ್ವಾ ಅಕ್ಕ?”

“ಹೂಂ.”

“ಅವನ ಕಾಲು ಹೋಗಿದ್ದಿದ್ರೆ?”

ಆಕೆ ಅತ್ತಳು, ಸಿಟ್ಟಿನಿಂದ. ಕಾಲಿಗೆ ಬೀಳಲು ಹೋದೆ, ಹಿಂದೆ ಸರಿದಳು. “ಅದೆಲ್ಲ ಬೇಡ. ತರಬೇತಿ ಮತ್ತೆ ಶುರುವಾದರೆ ನೀವು ಮೊದಲನೇ ಪಾಠದಿಂದ ಕೂರಬೇಕು. ಸಾಮಾನು ಕೊಡೋಕಲ್ಲ. ಅವರ ಜೊತೆ, ನೆಲದ ಮೇಲೆ, ಕಲಿಯೋಕೆ. ಪರೀಕ್ಷೆನೂ ಬರೀಬೇಕು” ಎಂದಳು.

ತಿಂಗಳಾದ ಮೇಲೆ ತರಬೇತಿ ಶುರುವಾಯಿತು. ಫೌಂಡೇಶನ್ನಿನವರು ನನ್ನನ್ನು ಸಹಾಯಕಿಯ ಸ್ಥಾನದಿಂದ ತೆಗೆದು ಹಾಕಿದರು. ಡಾಕ್ಟರು ಒಂದು ಮಾತೂ ಬೈಯಲಿಲ್ಲ. ಆದರೆ ಬಹಳ ದಿನ ನನ್ನನ್ನು ಸಿಸ್ಟರ ಎಂದು ಕರೆಯದೆ, ಏನು ಬೇಕಿದ್ದರೂ ಆಯಾಳ ಮೂಲಕ ಹೇಳಿಸುತ್ತಿದ್ದರು. ನಾನು ಶೆಡ್ಡಿನ ನೆಲದ ಮೇಲೆ, ಹಿಂದಿನ ಸಾಲಿನಲ್ಲಿ, ನಾನೇ ಪಟ್ಟಿ ಕಟ್ಟಲು ಕಲಿಸಿದ ಕೂಲಿಗಳ ನಡುವೆ ಕೂತೆ. ಅವರು ಮುಜುಗರಪಟ್ಟು ಚಾಪೆಯ ಒಳ್ಳೆಯ ಜಾಗ ನನಗೆ ಬಿಟ್ಟುಕೊಟ್ಟರು. ಮೈಸೂರಿನವಳು ನನಗೆ ಯಾವ ರಿಯಾಯಿತಿಯನ್ನೂ ಕೊಡಲಿಲ್ಲ, ಅವಮಾನವನ್ನೂ ಮಾಡಲಿಲ್ಲ. ತಪ್ಪು ಮಾಡಿದರೆ ಎಲ್ಲರಿಗೂ ಹೇಳುವಂತೆ, “ಮತ್ತೊಮ್ಮೆ ಮಾಡಿ” ಎನ್ನುತ್ತಿದ್ದಳು.

ಬಿದ್ದವರನ್ನು ಎತ್ತುವ ಪಾಠದ ದಿನ ಯಾರಾದರೂ ರೋಗಿಯಾಗಿ ಮಲಗಬೇಕಿತ್ತು. ನಾನೇ ಮಲಗಿದೆ. ರಾಯಚೂರಿನವಳು ನನ್ನ ತಲೆಯ ಬಳಿ ಮಂಡಿಯೂರಿ ಕೂತು, ಎರಡೂ ಅಂಗೈಯಲ್ಲಿ ಕಿವಿಯ ಪಕ್ಕ ಹಿಡಿದಳು. ಡಬ್ಬಿಯ ತಗಡು ಕೊರೆದು ಒರಟಾದ ಕೈ. “ಅಲುಗಬ್ಯಾಡ್ರಿ ಅಕ್ಕಾರ, ನಾ ಹಿಡದೀನಿ” ಎಂದಳು. ಮೂರು ಎಂದಳು. ಆರು ಕೈ ಕೂಡಿ ನನ್ನನ್ನು ಹೊರಳಿಸಿ ಹಲಗೆಯ ಮೇಲಿಟ್ಟವು. ಕುತ್ತಿಗೆ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಇವಳಷ್ಟು ಚೆನ್ನಾಗಿ ಇದನ್ನು ನಾನು ಎಂದಿಗೂ ಮಾಡಲಾರೆ ಎಂದು ಅಲ್ಲೇ ಮಲಗಿದ್ದಾಗ ಗೊತ್ತಾಯಿತು. ಗೊತ್ತಾದ ಕೂಡಲೇ ಮತ್ತೆ ಹೊಟ್ಟೆಯಲ್ಲಿ ಅದೇ ಉರಿ. ಈ ಸಲ ನಾನೇ ತಯಾರು ಮಾಡಿದ ಶಿಷ್ಯೆಯ ಮೇಲೆ.

ಪರೀಕ್ಷೆಯಲ್ಲಿ ಅವಳು ಮೊದಲು ಬಂದಳು. ನಾನು ಆರನೆಯವಳು. ಸರ್ಟಿಫಿಕೇಟು ಮನೆಗೆ ತಂದಾಗ ಗಂಡ ಅದನ್ನು ಚೌಕಟ್ಟಿಗೆ ಹಾಕಿಸೋಣವೆಂದ. ಆರನೆಯದಕ್ಕೆ ಚೌಕಟ್ಟು ಯಾಕೆಂದು ಬೀರುವಿನಲ್ಲಿಟ್ಟೆ. ರಾಯಚೂರಿನವಳು ಎರಡು ವರ್ಷದ ನಂತರ ಒಂದು ಖಾಸಗಿ ಆಸ್ಪತ್ರೆಯ ಆಂಬುಲೆನ್ಸಿನಲ್ಲಿ ಕೆಲಸಕ್ಕೆ ಸೇರಿದಳು. ನೀಲಿ ಶರ್ಟು ತೊಟ್ಟು ಮೊದಲ ದಿನ ನಮಗೆ ತೋರಿಸಲು ಬಂದಳು. ಮೊದಲು ಮೈಸೂರಿನವಳ ಕೋಣೆಗೆ ಹೋದಳು, ಆಮೇಲೆ ನನ್ನ ಹತ್ತಿರ ಬಂದಳು. ಯಾರ ಹತ್ತಿರ ಮೊದಲು ಹೋಗುತ್ತಾಳೆ ಎಂದು ನಾನು ಕಿಟಕಿಯಿಂದ ನೋಡಿದ್ದೆ. ಚಾವಣಿಯಿಂದ ಬಿದ್ದವನು ಕೋಲು ಹಿಡಿದು ನಡೆಯುವಂತಾಗಿ ಊರಿಗೆ ಹೋದ. ಹೋಗುವ ಮುಂಚೆ ಡಾಕ್ಟರಿಗೂ ಮೇಡಮ್ಮನಿಗೂ ಹಣ್ಣು ತಂದು ಕೊಟ್ಟ. ನನಗೂ ಎರಡು ಮೋಸಂಬಿ ಕೊಟ್ಟ. ಅವನಿಗೆ ಏನು ಗೊತ್ತಿತ್ತೋ ಏನು ಗೊತ್ತಿರಲಿಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಮೈಸೂರಿನವಳು ನನ್ನನ್ನು ಪೂರ್ತಿ ಕ್ಷಮಿಸಿದಳೆಂದು ಹೇಳಲಾರೆ. ಒಂದು ವರ್ಷ ಕಳೆದ ಮೇಲೆ ನನ್ನನ್ನು ಮತ್ತೆ ಸಹಾಯಕಿಯಾಗಿ ತೆಗೆದುಕೊಳ್ಳಿ ಎಂದು ಫೌಂಡೇಶನ್ನಿಗೆ ಬರೆದವಳು ಆಕೆಯೇ. ಆದರೆ ಸಾಮಾನಿನ ಕೋಣೆಯ ಬೀಗದ ಕೈಯನ್ನು ನನಗೆ ಎಂದೂ ವಾಪಸು ಕೊಡಲಿಲ್ಲ. ನಾನೂ ಕೇಳಲಿಲ್ಲ. ಡಾಕ್ಟರು ಕೆಲಸ ಬಿಟ್ಟ ಮೇಲೆ ದವಾಖಾನೆಯ ಉಸ್ತುವಾರಿ ಆಕೆಯ ಕೈಗೆ ಬಂತು. ನಾನು ಆಕೆಯ ಕೈಕೆಳಗೆ ಒಂಬತ್ತು ವರ್ಷ ಕೆಲಸ ಮಾಡಿದೆ, ಆರು ಬ್ಯಾಚಿಗೆ ಪಟ್ಟಿ ಕಟ್ಟುವ ಪಾಠ ಹೇಳಿದೆ. ಎತ್ತುವ ಪಾಠ ಬಂದಾಗ ಮಾತ್ರ ನಾನು ಪಕ್ಕಕ್ಕೆ ಸರಿಯುತ್ತಿದ್ದೆ. ಹೊಸಬರಲ್ಲಿ ಯಾರಾದರೂ ಕಾರಣ ಕೇಳಿದರೆ ನಡೆದದ್ದನ್ನು ಮುಚ್ಚಿಡದೆ ಹೇಳುತ್ತಿದ್ದೆ.

ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಹೋದ ತಿಂಗಳು ಆಕೆ ಫೋನ್ ಮಾಡಿದ್ದಳು.

“ಅಕ್ಕ, ಇನ್ನೊಂದು ಗ್ರಾಂಟ್ ಸಿಕ್ಕಿತು. ಈ ಸಲ ನಮ್ಮದೇ ಆಂಬುಲೆನ್ಸ್ ಬರುತ್ತೆ” ಎಂದಳು. ದನಿಯಲ್ಲಿ ಅದೇ ಉತ್ಸಾಹ.

ಹಳೆಯ ಹೊಟ್ಟೆಕಿಚ್ಚು ಮತ್ತೆ ತಲೆ ಎತ್ತಿತು. ಆದರೂ, “ಭಾಳ ಛಲೋ ಆತ್ರಿ. ಯಾವಾಗ ಬರ್ತದ?” ಎಂದು ಕೇಳಿದೆ.